ನಾನು ಓದಿದ ಪಿಶಾಚಗ್ರಂಥ

ಮುಪ್ಪಿನಲ್ಲಿ ಒಬ್ಬನು ತನ್ನ ಅಭಿಪ್ರಾಯವೊಂದನ್ನು ಬದಲಾಯಿಸಿಕೊಂಡನೆಂಬುದು ಊರಲ್ಲಿ ಡಂಗುರ ಹೊಡೆಯಿಸತಕ್ಕ ಸಂಗತಿಯೇನೂ ಅಲ್ಲ. ಆದರೆ ಮೂವತ್ತಮೂರು ವರ್ಷಗಳ ಕಾಲ ಮೇಷ್ಟರ ಕುರ್ಚಿಯಲ್ಲಿ ಕುಳಿತು ಒಂದು ಮಾತನ್ನು ಅಧಿಕಾರದಿಂದ ಹೇಳುತ್ತ ಬಂದವನು, ಆ ಮಾತು ತಪ್ಪೆಂದು ಮನವರಿಕೆಯಾದ ಮೇಲೂ ಬಾಯಿ ಮುಚ್ಚಿಕೊಂಡಿರುವುದು ಧರ್ಮವಲ್ಲ. ನನ್ನ ಶಿಷ್ಯರಲ್ಲಿ ಕೆಲವರು ಈ ಪತ್ರಿಕೆಯ ವಾಚಕರಾಗಿದ್ದಾರೆ. ಅವರ ಮುಂದೆ ತಪ್ಪೊಪ್ಪಿಕೊಳ್ಳುವುದಕ್ಕಾಗಿಯೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಹೇಳುತ್ತಿದ್ದ ಮಾತು ಇದು: ಭೂತಪ್ರೇತಗಳ ಕಾದಂಬರಿಗಳು ಸಾಹಿತ್ಯವಲ್ಲ; ಅವನ್ನು ಬರೆಯುವವರು ಹಣಕ್ಕಾಗಿ ಬರೆಯತಕ್ಕವರು, ಓದುವವರು ಹೊತ್ತು ಕಳೆಯುವುದಕ್ಕಾಗಿ ಓದತಕ್ಕವರು. ಹೀಗೆ ಹೇಳಿ ಸುಮ್ಮನಾಗುತ್ತಲೂ ಇರಲಿಲ್ಲ. ಸಂಸ್ಕೃತ ಪಾಠದ ನಡುವೆ ಮೇಜಿನ ಕೆಳಗೆ ಇಂತಹ ಪುಸ್ತಕವೊಂದು ಕಂಡರೆ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆನು. ಒಮ್ಮೆ ಒಬ್ಬ ಹುಡುಗನು, ಅದು ಬಾಡಿಗೆಯ ಪುಸ್ತಕವೆಂದೂ ಹಿಂದಿರುಗಿಸದಿದ್ದರೆ ದಂಡ ತೆರಬೇಕಾಗುವುದೆಂದೂ ಬೇಡಿಕೊಂಡನು. ನಾನು ಕೊಡಲಿಲ್ಲ. ಅವನು ದಂಡ ತೆತ್ತನೆಂದು ಆಮೇಲೆ ತಿಳಿಯಿತು. ಆಗ ಅದು ನನಗೆ ಶಿಕ್ಷಣದ ಅಂಗವಾಗಿಯೇ ತೋರಿತು.

ನನ್ನ ವಿದ್ಯಾಭ್ಯಾಸವೂ ಅಂತಹುದೇ. ಎಂಟನೆಯ ವಯಸ್ಸಿನಿಂದ ಪಾಠಶಾಲೆಯ ಕಂಬಕ್ಕೊರಗಿ ಅಮರಕೋಶವನ್ನು ಬಾಯಿಪಾಠ ಮಾಡಿದವನು ನಾನು. ರಘುವಂಶ, ಕಿರಾತಾರ್ಜುನೀಯ, ಶಾಕುಂತಲಗಳನ್ನೋದಿ, ತರ್ಕಸಂಗ್ರಹದ ಮೆಟ್ಟಿಲೇರಿ, ಅಲಂಕಾರಶಾಸ್ತ್ರದ ಬಾಗಿಲನ್ನು ತಟ್ಟಿದೆನು. ಇಂಗ್ಲಿಷು ನನಗೆ ತಡವಾಗಿ, ಹೊಟ್ಟೆಯ ಪಾಡಿಗಾಗಿ ಬಂದ ಭಾಷೆ. ಇಂದಿಗೂ ಪಕ್ಕದಲ್ಲಿ ನಿಘಂಟಿಲ್ಲದೆ ಆ ಭಾಷೆಯ ಪುಸ್ತಕವನ್ನು ನಾನು ತೆರೆಯುವುದಿಲ್ಲ.

ಎರಡು ವರ್ಷಗಳ ಹಿಂದಿನ ಮಳೆಗಾಲ. ನನಗಾಗ ಅರವತ್ತಾರು ವರ್ಷ. ನನ್ನ ಮಗಳ ಮಗನು ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದುತ್ತಿದ್ದನು. ಒಂದು ರಾತ್ರಿ ಹನ್ನೆರಡು ಹೊಡೆದರೂ ಅವನ ಕೋಣೆಯ ದೀಪ ಆರಲಿಲ್ಲ. ಪರೀಕ್ಷೆಗೆ ಓದುತ್ತಿದ್ದಾನೆಂದು ಸಂತೋಷಪಟ್ಟು ಇಣಿಕಿ ನೋಡಿದರೆ, ಕೈಯಲ್ಲಿ ಕಪ್ಪು ಹೊದಿಕೆಯ ಇಂಗ್ಲಿಷ್ ಪುಸ್ತಕ. ಹೊದಿಕೆಯ ಮೇಲೆ ಎರಡು ಕೋರೆಹಲ್ಲುಗಳು. ಅದು ಬ್ರ್ಯಾಮ್ ಸ್ಟೋಕರನ ‘ಡ್ರಾಕುಲಾ’. ನಾನು ನನ್ನ ಹಳೆಯ ಮಾತನ್ನು ಆರಂಭಿಸಿದೆನು.

ಅವನು ಸಿಟ್ಟಾಗಲಿಲ್ಲ. “ತಾತ, ನೀವು ಇದನ್ನು ಓದಿದ್ದೀರಾ?” ಎಂದನು.

“ಓದುವುದೇನು? ನೋಡಿದರೇ ಗೊತ್ತಾಗುವುದಿಲ್ಲವೇ?”

“ಪೂರ್ವಪಕ್ಷವನ್ನು ಸರಿಯಾಗಿ ತಿಳಿಯದೆ ಖಂಡಿಸಬಾರದು ಎಂದು ನೀವೇ ಹೇಳಿಕೊಟ್ಟಿರಲ್ಲ.”

ನನ್ನ ಬಾಯಿ ಕಟ್ಟಿತು. ನಮ್ಮ ಶಾಸ್ತ್ರಕಾರರು ಎದುರಾಳಿಯ ಮತವನ್ನು ಆ ಎದುರಾಳಿಗಿಂತಲೂ ಚೆನ್ನಾಗಿ ನಿರೂಪಿಸಿ, ಆಮೇಲೆ ಖಂಡಿಸುವುದಕ್ಕೆ ಕೈಹಾಕುತ್ತಾರೆ. ಅದನ್ನು ನಾನು ಅವನಿಗೆ ಹೆಮ್ಮೆಯಿಂದ ಹೇಳಿದ್ದುದು ನಿಜ. ಹಾಗಾದರೆ ಓದಿಯೇ ಖಂಡಿಸುವೆನೆಂದು ಪ್ರತಿಜ್ಞೆ ಮಾಡಿ, ಪುಸ್ತಕವನ್ನು ಅವನಿಂದ ಕೇಳಿ ತೆಗೆದುಕೊಂಡೆನು. ಈ ಸಲ ಕಿತ್ತುಕೊಳ್ಳಲಿಲ್ಲ.

ಓದುವ ಮೊದಲೇ ನನ್ನಲ್ಲಿ ಇನ್ನೊಂದು ಅಸಮಾಧಾನವಿದ್ದಿತು. 1870ರಲ್ಲಿ ರಿಚರ್ಡ್ ಬರ್ಟನ್ ಎಂಬ ಆಂಗ್ಲ ಪ್ರವಾಸಿಯು ನಮ್ಮ ವೇತಾಳಪಂಚವಿಂಶತಿಯ ಕೆಲವು ಕಥೆಗಳನ್ನು ತನ್ನ ಇಚ್ಛೆ ಬಂದಂತೆ ಹಿಗ್ಗಿಸಿ ಪ್ರಕಟಿಸಿದಾಗ, ವೇತಾಳನಿಗೆ ‘ವ್ಯಾಂಪೈರ್’ ಎಂಬ ಹೆಸರನ್ನಿಟ್ಟನು. ನಮ್ಮ ವೇತಾಳನಾದರೋ ಶವದೊಳಗೆ ಹೊಕ್ಕು, ರಾಜನ ಹೆಗಲೇರಿ, ಧರ್ಮಸೂಕ್ಷ್ಮಗಳನ್ನು ಕೇಳತಕ್ಕ ಪಂಡಿತ. ಅವನನ್ನು ಯೂರೋಪಿನ ರಕ್ತ ಹೀರುವ ಹೆಣದೊಂದಿಗೆ ಸಮೀಕರಿಸಿದ್ದು ನನಗೆ ಅಪಚಾರವಾಗಿ ಕಂಡಿತ್ತು. ಈ ಸ್ಟೋಕರನು ಬರ್ಟನ್ನನನ್ನು ಬಲ್ಲವನಂತೆ. ತನ್ನ ಸ್ಮೃತಿಗ್ರಂಥದಲ್ಲಿ ಬರ್ಟನ್ನನ ಕೋರೆಹಲ್ಲನ್ನು ವಿಶೇಷವಾಗಿ ವರ್ಣಿಸಿದ್ದಾನೆ. ಇದು ತಿಳಿದಾಗ ನನಗೆ ನಗು ಬಂದಿತಲ್ಲದೆ ಗೌರವವೇನೂ ಹುಟ್ಟಲಿಲ್ಲ.

ಗ್ರಂಥಕರ್ತನ ವಿಷಯವಾಗಿ ಒಂದೆರಡು ಮಾತು. ಅವನು 1847ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಬಳಿ ಹುಟ್ಟಿದನು. ಏಳು ವರ್ಷದವರೆಗೆ ಬಹುಪಾಲು ಹಾಸಿಗೆಯಲ್ಲಿಯೇ ಬೆಳೆದ ರೋಗಿಷ್ಠ ಬಾಲಕ. ಆಮೇಲೆ ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ಹೆನ್ರಿ ಇರ್ವಿಂಗ್ ಎಂಬ ಮಹಾನಟನ ವ್ಯವಹಾರಗಳನ್ನೆಲ್ಲ ನೋಡಿಕೊಳ್ಳುತ್ತ, ಬಿಡುವಿನಲ್ಲಿ ಕಥೆಗಳನ್ನು ಬರೆದನು. ಈ ಗ್ರಂಥಕ್ಕೆ 1890ರಲ್ಲಿಯೇ ಟಿಪ್ಪಣಿಗಳನ್ನು ಮಾಡಿಕೊಳ್ಳತೊಡಗಿದನು, ಅಚ್ಚಾದದ್ದು 1897ರಲ್ಲಿ. ಕಥೆಯ ಆರಂಭವೂ ಅಂತ್ಯವೂ ನಡೆಯುವ ಟ್ರಾನ್ಸಿಲ್ವೇನಿಯಾ ದೇಶವನ್ನು ಅವನು ಕಣ್ಣಾರೆ ಕಂಡವನಲ್ಲ. ವಿಟ್ಬಿ ಎಂಬ ಕಡಲತೀರದ ಊರಿಗೆ ಬೇಸಗೆ ಕಳೆಯಲು ಹೋದಾಗ, ಅಲ್ಲಿಯ ಪುಸ್ತಕಾಲಯದ ಹಳೆಯ ಗ್ರಂಥವೊಂದರಲ್ಲಿ ಡ್ರಾಕುಲಾ ಎಂಬ ಹೆಸರು ಅವನಿಗೆ ಸಿಕ್ಕಿತು. ಕೂಲಿಗಾಗಿ ಗೀಚುವವನು ಒಂದು ಪುಸ್ತಕಕ್ಕೆ ಏಳು ವರ್ಷ ಸವೆಸುವನೇ ಎಂಬ ಪ್ರಶ್ನೆ ಇಲ್ಲಿಯೇ ನನ್ನೊಳಗೆ ಹುಟ್ಟಿತೆಂಬುದನ್ನು ಒಪ್ಪಿಕೊಳ್ಳಬೇಕು.

ಮೊದಲನೆಯ ಅಧ್ಯಾಯದಲ್ಲಿ ಪಿಶಾಚವಿಲ್ಲ. ಜೊನಾಥನ್ ಹಾರ್ಕರ್ ಎಂಬ ತರುಣ ವಕೀಲನು ಮೇ 3ರಂದು ದಿನಚರಿ ಬರೆಯುತ್ತಿದ್ದಾನೆ. ರೈಲು ಎಷ್ಟು ತಡವಾಯಿತು, ರಾತ್ರಿ ಏನು ಊಟವಾಯಿತು, ಆ ಖಾರದ ಪದಾರ್ಥವನ್ನು ಮಾಡುವ ಕ್ರಮವನ್ನು ತಾನು ಮದುವೆಯಾಗಲಿರುವ ಮೀನಾ ಎಂಬವಳಿಗಾಗಿ ಕೇಳಿಕೊಂಡು ಹೋಗಬೇಕು, ಇತ್ಯಾದಿ. ಇಡೀ ಗ್ರಂಥವೇ ಹೀಗೆ. ಗ್ರಂಥಕರ್ತನು ತಾನಾಗಿ ಒಂದು ಮಾತನ್ನೂ ಆಡುವುದಿಲ್ಲ. ದಿನಚರಿ, ಕಾಗದ, ತಂತಿ, ವೃತ್ತಪತ್ರಿಕೆಯ ತುಣುಕು, ಹಡಗಿನ ದಫ್ತರ, ವೈದ್ಯನೊಬ್ಬನು ಫೋನೋಗ್ರಾಫಿನಲ್ಲಿ ಹೇಳಿಟ್ಟ ಟಿಪ್ಪಣಿ, ಇವುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನಮ್ಮ ಮುಂದಿಡುತ್ತಾನೆ. ತರ್ಕಸಂಗ್ರಹವನ್ನು ಓದಿದವನಿಗೆ ಇದರ ಮರ್ಮ ತಿಳಿಯದಿರುವುದಿಲ್ಲ. ಒಬ್ಬೊಬ್ಬನ ಪ್ರತ್ಯಕ್ಷವೂ ಅಪೂರ್ಣ. ಅದನ್ನು ಮತ್ತೊಬ್ಬನ ಶಬ್ದದೊಡನೆ ಸೇರಿಸಿ, ಅನುಮಾನದಿಂದ ಬೆಸೆದಾಗ ಮಾತ್ರ ಪ್ರಮೇಯವು ಸಿದ್ಧವಾಗುತ್ತದೆ. ಅಲ್ಲಿರುವ ಪಾತ್ರಗಳೆಲ್ಲ ನನ್ನಂತೆಯೇ ಸಂಶಯವಾದಿಗಳು. ಪಿಶಾಚವೆಂಬುದಿಲ್ಲವೆಂದು ಹಟ ಹಿಡಿದು, ಬೇರೆ ಕಾರಣಗಳನ್ನೆಲ್ಲ ಹುಡುಕಿ ಸೋತ ಮೇಲೆ ಒಪ್ಪತಕ್ಕವರು. ಖಂಡಿಸಲು ಕುಳಿತ ನನಗೆ, ನನ್ನ ಆಕ್ಷೇಪಗಳನ್ನೆಲ್ಲ ಪುಸ್ತಕವೇ ಮೊದಲು ಹೇಳಿಬಿಟ್ಟಿತು.

ಕೋಟೆಯ ಒಡೆಯನಾದ ಡ್ರಾಕುಲಾನು ಸಿನಿಮಾದವರು ತೋರಿಸುವ ಹಾಗಿಲ್ಲ. ಮೊದಲು ಕಾಣುವಾಗ ಉದ್ದನೆಯ ಬಿಳಿ ಮೀಸೆಯ ಮುದುಕ. ಇಂಗ್ಲೆಂಡಿನ ಕಾನೂನು, ಭೂಗೋಳಗಳ ಪುಸ್ತಕಗಳನ್ನು ಕಪಾಟುಗಳ ತುಂಬ ಇಟ್ಟುಕೊಂಡು, ಒರಗುಪೀಠದ ಮೇಲೆ ಮಲಗಿ ಇಂಗ್ಲಿಷ್ ರೈಲುಗಳ ವೇಳಾಪಟ್ಟಿಯನ್ನು ಓದುತ್ತಿರುತ್ತಾನೆ! ಪಿಶಾಚವೊಂದು ರೈಲಿನ ವೇಳೆಯನ್ನು ಗಟ್ಟಿಮಾಡುತ್ತಿರುವುದನ್ನು ಕಂಡು ಮೊದಲು ನಕ್ಕೆನು. ಆಮೇಲೆ ನನಗೆ ಬೆನ್ನು ತಣ್ಣಗಾಯಿತು. ಮಂತ್ರ ಹಾಕಿ ಬರತಕ್ಕ ಭೂತಕ್ಕಿಂತ, ಪುಸ್ತಕ ಓದಿ ಸಿದ್ಧನಾಗಿ ಬರತಕ್ಕ ಭೂತವು ಭಯಂಕರ. ಅವನಿಗೂ ನಿಯಮಗಳುಂಟು. ಮನೆಯವರಲ್ಲಿ ಯಾರಾದರೊಬ್ಬರು ಕರೆಯದೆ ಅವನು ಮೊದಲ ಸಲ ಹೊಸ್ತಿಲು ದಾಟಲಾರನು. ತನ್ನ ನಾಡಿನ ಮಣ್ಣಿನಲ್ಲಲ್ಲದೆ ವಿಶ್ರಮಿಸಲಾರನು. ಆದುದರಿಂದ ಐವತ್ತು ಪೆಟ್ಟಿಗೆಗಳಲ್ಲಿ ಮಣ್ಣನ್ನು ತುಂಬಿಕೊಂಡು ಹಡಗೇರುತ್ತಾನೆ. ಹಗಲು ಬೆಳಕಿಗೆ ಅವನು ಸುಟ್ಟುಹೋಗುವನೆಂಬುದು ಸಿನಿಮಾದವರು 1922ರಲ್ಲಿ ಕಲ್ಪಿಸಿದ್ದು. ಸ್ಟೋಕರನಲ್ಲಿ ಅವನ ಶಕ್ತಿ ಹಗಲಲ್ಲಿ ಕುಂದುತ್ತದೆಯೇ ಹೊರತು, ಲಂಡನ್ನಿನ ಬೀದಿಯಲ್ಲಿ ಬಿಸಿಲಿನಲ್ಲಿಯೇ ನಡೆದಾಡುತ್ತಾನೆ.

ಆ ಹಡಗಿನ ಪ್ರಯಾಣದ ಭಾಗ ಕೆಲವೇ ಪುಟಗಳದ್ದು. ಬರೆಯತಕ್ಕವನು ನಾವಿಕರ ಮುಖ್ಯಸ್ಥ. ಅವನಿಗೆ ಭಾಷೆಯ ಅಲಂಕಾರ ತಿಳಿಯದು. ಇಂದು ಒಬ್ಬ ಆಳು ಕಾಣೆಯಾದನು, ಇಂದು ಮತ್ತೊಬ್ಬನು, ಗಾಳಿ ಹೀಗಿದೆ, ಮಂಜು ಮುಸುಕಿದೆ, ಇಷ್ಟೇ. ಕೊನೆಗೆ ತಾನೊಬ್ಬನೇ ಉಳಿದಾಗ, ಹಡಗನ್ನು ಬಿಟ್ಟು ಹೋಗುವುದು ತನ್ನ ಧರ್ಮವಲ್ಲವೆಂದು ಕೈಗಳನ್ನು ಚುಕ್ಕಾಣಿಯ ಚಕ್ರಕ್ಕೆ ಕಟ್ಟಿಕೊಳ್ಳುತ್ತಾನೆ. ಹಡಗು ವಿಟ್ಬಿಯ ದಡವನ್ನು ಸೇರುವಾಗ ಚಕ್ರದ ಬಳಿ ಇರುವುದು ಅವನ ಹೆಣ. ಭರತಮುನಿಯು ಭಯಾನಕರಸದ ವಿಭಾವಗಳನ್ನು ಹೇಳುವಾಗ ಶೂನ್ಯಗೃಹವನ್ನೂ ಅರಣ್ಯವನ್ನೂ ಭೂತದರ್ಶನವನ್ನೂ ಎಣಿಸಿದ್ದಾನೆ. ನಾವು ಅವನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿದೆವು; ಆ ಪಟ್ಟಿಗೆ ಜೀವ ಬಂದದ್ದನ್ನು ನಾನು ಕಂಡದ್ದು ಈ ನಾವಿಕನ ಶುಷ್ಕವಾದ ದಫ್ತರದಲ್ಲಿ.

ಇಷ್ಟು ಓದುವ ಹೊತ್ತಿಗೆ ನಮ್ಮ ಮನೆಗೆ ಬೇರೊಂದು ಭಯವು ಬಂದಿತು. ನನ್ನ ಪತ್ನಿಗೆ ಕೆಲವು ತಿಂಗಳುಗಳಿಂದ ಆಯಾಸ, ಮುಖ ಬಿಳಿಚಿಕೊಂಡಿದ್ದುದು. ವಯಸ್ಸಿನ ಲಕ್ಷಣವೆಂದು ನಾವು ತಿಳಿದಿದ್ದೆವು. ಪರೀಕ್ಷೆ ಮಾಡಿಸಿದಾಗ ಕರುಳಿನಲ್ಲಿ ಗಡ್ಡೆಯಿದೆಯೆಂದೂ, ಒಳಗೊಳಗೆ ರಕ್ತ ಸೋರಿಹೋಗುತ್ತಿದೆಯೆಂದೂ, ಶಸ್ತ್ರಚಿಕಿತ್ಸೆಯಾಗಬೇಕೆಂದೂ ಡಾಕ್ಟರರು ಹೇಳಿದರು. ಗಡ್ಡೆಯ ಹೆಸರನ್ನು ಅವರು ಹೇಳಿದ್ದು ನನಗೂ ಮಗಳಿಗೂ, ಪ್ರತ್ಯೇಕವಾಗಿ. ಅದು ಯಾವ ಹೆಸರೆಂಬುದನ್ನು ವಾಚಕರು ಊಹಿಸಬಲ್ಲರು. ನಾವಿಬ್ಬರೂ ಕೋಣೆಯ ಹೊರಗೆ ನಿಂತು, ಅವಳಿಗೆ ಹೇಳಕೂಡದೆಂದು ನಿಶ್ಚಯಿಸಿದೆವು. “ಅಮ್ಮ ತಡೆದುಕೊಳ್ಳುವುದಿಲ್ಲ ಅಪ್ಪ” ಎಂದು ಮಗಳು ಅತ್ತಳು. ಹುಣ್ಣೆಂದು ಹೇಳಿದೆವು. ಅವಳು “ಸರಿ” ಎಂದಳು, ಮತ್ತೇನನ್ನೂ ಕೇಳಲಿಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತ ಕೊಡಬೇಕಾಗಿತ್ತು. ಆಸ್ಪತ್ರೆಯವರು ತಮ್ಮಲ್ಲಿದ್ದುದನ್ನು ಕೊಟ್ಟು, ಅದಕ್ಕೆ ಬದಲಾಗಿ ನಮ್ಮ ಕಡೆಯವರು ಬಂದು ಕೊಡಲೆಂದರು. ನಾನು ಮೊದಲು ಎದ್ದುನಿಂತು ತೋಳಿನ ಅಂಗಿಯನ್ನು ಮಡಿಸಿದೆನು. ಆ ಹುಡುಗಿ ನನ್ನ ವಯಸ್ಸನ್ನು ಕೇಳಿ, ಅರವತ್ತೈದು ದಾಟಿದವರಿಂದ ತೆಗೆದುಕೊಳ್ಳುವುದಿಲ್ಲವೆಂದು ವಿನಯದಿಂದಲೇ ಹೇಳಿದಳು. ಮೊಮ್ಮಗನು ಕೊಟ್ಟನು. ಪಕ್ಕದ ಮನೆಯವರ ಮಗನು ಕೊಟ್ಟನು. ಆಸ್ಪತ್ರೆಗೆ ನಮ್ಮನ್ನು ಕರೆತಂದಿದ್ದ ಆಟೋ ಓಡಿಸುವಾತನು, ನಾವು ಕೇಳದೆಯೇ, ಗಾಡಿಯನ್ನು ನೆರಳಿಗೆ ನಿಲ್ಲಿಸಿ ಬಂದು ಕೊಟ್ಟನು. ನಲವತ್ತೊಂದು ವರ್ಷ ಸಂಸಾರ ಮಾಡಿದ ನನ್ನ ರಕ್ತ ಮಾತ್ರ ಬೇಡವಾಯಿತು. ನಾನು ಮೊಗಸಾಲೆಯ ಬೆಂಚಿನ ಮೇಲೆ ಕುಳಿತೆನು. ಜೋಳಿಗೆಯಲ್ಲಿದ್ದುದು ಆ ಪುಸ್ತಕ. ಅಂತಹ ಹೊತ್ತಿನಲ್ಲಿ ಅದನ್ನೇಕೆ ತೆರೆದೆನೋ ತಿಳಿಯದು. ಸಹಸ್ರನಾಮವನ್ನು ಎರಡು ಸಲ ಹೇಳಿದ್ದಾಗಿತ್ತು, ಕೈ ಸುಮ್ಮನಿರಲಿಲ್ಲ.

ಓದುತ್ತಿದ್ದ ಸ್ಥಳದಲ್ಲಿ ಲೂಸಿ ಎಂಬ ತರುಣಿಯ ಕಥೆ. ದಿನದಿನಕ್ಕೆ ಬಿಳಿಚಿಕೊಳ್ಳುತ್ತಾಳೆ; ಕಾರಣ ತಿಳಿಯದು. ಆಮ್‌ಸ್ಟರ್‌ಡಾಮಿನಿಂದ ವ್ಯಾನ್ ಹೆಲ್ಸಿಂಗ್ ಎಂಬ ವೃದ್ಧ ಪಂಡಿತನು ಬಂದು, ಇವಳಿಗೆ ರಕ್ತ ಬೇಕೆನ್ನುತ್ತಾನೆ. ಅವಳನ್ನು ಮದುವೆಯಾಗಲಿದ್ದ ಆರ್ಥರನು ತೋಳು ನೀಡುತ್ತಾನೆ. ಅವಳು ಒಲ್ಲೆನೆಂದಿದ್ದ ಸೀವರ್ಡ್ ಎಂಬ ವೈದ್ಯನು ನೀಡುತ್ತಾನೆ. ಆ ವೃದ್ಧನು ತಾನೇ ನೀಡುತ್ತಾನೆ. ಕೊನೆಗೆ, ಅವಳಿಂದ ನಿರಾಕೃತನಾದ ಇನ್ನೊಬ್ಬನಾದ ಕ್ವಿನ್ಸಿ ಮಾರಿಸನೂ ನೀಡುತ್ತಾನೆ. ಹಗಲಲ್ಲಿ ನಾಲ್ವರು ತುಂಬಿದ್ದನ್ನು ರಾತ್ರಿಗಳಲ್ಲಿ ಒಬ್ಬನು ಬಂದು ಹೀರಿಬಿಡುತ್ತಾನೆ. ಆ ಬೆಂಚಿನ ಮೇಲೆ ನನಗೆ ಈ ಗ್ರಂಥದ ಅರ್ಥವು ತೆರೆಯಿತು. ಇದು ರಕ್ತ ಕುಡಿಯುವವನ ಕಥೆಯೆಂದು ಲೋಕವೆಲ್ಲ ತಿಳಿದಿದೆ. ಇದು ರಕ್ತ ಕೊಡುವವರ ಕಥೆಯೂ ಹೌದು. ಒಂದೇ ವಸ್ತು, ಒಬ್ಬನು ಕದ್ದು ಕುಡಿದು ನಾನೂರು ವರ್ಷ ಬದುಕುತ್ತಾನೆ, ಇವರು ತೋಳು ಚಾಚಿ ಕೊಟ್ಟು ಸೋಲುತ್ತಾರೆ. ಸೋತರೂ ಕೊಟ್ಟದ್ದು ಸಣ್ಣದಾಗುವುದಿಲ್ಲ.

ಈ ಮಾತನ್ನು ಮೊಮ್ಮಗನಿಗೆ ಹೇಳಿದಾಗ ಅವನು ತನ್ನ ಶಾಸ್ತ್ರದ ಮಾತನ್ನು ಹೇಳಿದನು. ರಕ್ತದಲ್ಲಿ ಬೇರೆ ಬೇರೆ ಗುಂಪುಗಳುಂಟೆಂಬುದನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿಯು ಪ್ರಕಟಿಸಿದ್ದು 1901ರಲ್ಲಿ. ಸ್ಟೋಕರನ ಪುಸ್ತಕ ಬಂದ ನಾಲ್ಕು ವರ್ಷಗಳ ಬಳಿಕ. ಆದುದರಿಂದಲೇ ಅಲ್ಲಿ ಯಾರೂ ಗುಂಪನ್ನು ಕೇಳುವುದಿಲ್ಲ. “ಹೊಂದದ ರಕ್ತ ಸೇರಿದ್ದರೆ ಡ್ರಾಕುಲಾ ಬೇಕಾಗಿಯೇ ಇರಲಿಲ್ಲ ತಾತ, ಡಾಕ್ಟರೇ ಕೊಂದಿರುತ್ತಿದ್ದರು” ಎಂದನು. ಪ್ರೀತಿಯೊಂದಿದ್ದರೆ ಸಾಲದು, ತಿಳಿವೂ ಬೇಕೆಂಬುದು ಇದರ ತಾತ್ಪರ್ಯ. ಕಾದಂಬರಿಯೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಲೂಸಿಯ ರಕ್ಷೆಗಾಗಿ ಆ ವೃದ್ಧನು ಕೋಣೆಯ ತುಂಬ ಬೆಳ್ಳುಳ್ಳಿಯ ಹೂಗಳನ್ನು ಇರಿಸಿ, ಅವಳ ಕೊರಳಿಗೂ ಕಟ್ಟಿ, ಕಿಟಕಿ ಮುಚ್ಚಿಸಿರುತ್ತಾನೆ. ಅವಳ ತಾಯಿಗೆ ಹೃದ್ರೋಗವೆಂದು ಯಾರೂ ಆಕೆಗೆ ಏನನ್ನೂ ಹೇಳಿರುವುದಿಲ್ಲ. ತಾಯಿ ರಾತ್ರಿ ಬಂದು, ಮಗಳಿಗೆ ಉಸಿರು ಕಟ್ಟೀತೆಂಬ ಮಮತೆಯಿಂದ ಹೂಗಳನ್ನೆಲ್ಲ ತೆಗೆದು ಕಿಟಕಿಯನ್ನು ತೆರೆದುಬಿಡುತ್ತಾಳೆ. ಇದನ್ನು ಓದಿದಾಗ ಮನಸ್ಸಿನಲ್ಲಿ ಏನೋ ಚುಚ್ಚಿತು. ಆದರೂ ಪುಟವನ್ನು ಮಗುಚಿದೆನು.

ಶಸ್ತ್ರಚಿಕಿತ್ಸೆಗೆ ಇನ್ನೆರಡು ದಿನಗಳಿದ್ದಾಗ ಮೀನಾಳ ಭಾಗಕ್ಕೆ ಬಂದೆನು. ಈ ಮೀನಾ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಎಲ್ಲರ ದಿನಚರಿಗಳನ್ನೂ ಕೂಡಿಸಿ, ಟೈಪು ಮಾಡಿ, ಶತ್ರುವಿನ ಸ್ವರೂಪವನ್ನು ಗಂಡಸರಿಗೆ ತೋರಿಸಿಕೊಟ್ಟವಳೇ ಅವಳು. ಅಷ್ಟಾದ ಮೇಲೆ ಆ ಗಂಡಸರೆಲ್ಲ ಸೇರಿ, ಇನ್ನು ಮುಂದಿನದು ಹೆಂಗಸಿಗೆ ತಕ್ಕುದಲ್ಲ, ಅವಳ ಮನಸ್ಸು ನೊಂದೀತು, ಅವಳಿಗೆ ಏನನ್ನೂ ತಿಳಿಸಕೂಡದೆಂದು ನಿಶ್ಚಯಿಸುತ್ತಾರೆ. ಅವರು ಶತ್ರುವನ್ನರಸುತ್ತ ಹೊರಗೆ ಹೋದ ರಾತ್ರಿ, ಶತ್ರುವು ಒಂಟಿಯಾಗಿ ಮಲಗಿರುವ ಅವಳ ಬಳಿಗೆ ಬರುತ್ತಾನೆ. ಮರುದಿನ ಅವಳ ಗಂಡನು, ಇವಳು ಎಂದಿಗಿಂತ ಬಿಳಿಚಿಕೊಂಡಿದ್ದಾಳೆಂದು ತನ್ನ ದಿನಚರಿಯಲ್ಲಿ ಬರೆಯುತ್ತಾನೆ. ಬರೆದು, ಅವಳಿಗೆ ಏನನ್ನೂ ಹೇಳದಿದ್ದುದು ಒಳ್ಳೆಯದಾಯಿತೆಂದು ಸಮಾಧಾನಪಡುತ್ತಾನೆ. ಅವಳೂ ತನ್ನ ದುಃಸ್ವಪ್ನಗಳನ್ನು ಗಂಡನಿಗೆ ಚಿಂತೆಯಾದೀತೆಂದು ಮುಚ್ಚಿಡುತ್ತಾಳೆ. ಒಬ್ಬರನ್ನೊಬ್ಬರು ಕಾಪಾಡುವೆವೆಂದು ಮೌನವಾಗಿದ್ದು, ಆ ಮೌನದ ಬಾಗಿಲಿನಿಂದಲೇ ವೈರಿಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತಾರೆ.

ಪುಸ್ತಕವನ್ನು ಮುಚ್ಚಿದೆನು. ಆಗ ನೆನಪಾದವನು ನಮ್ಮ ವೇತಾಳನೇ. ಪ್ರತಿಯೊಂದು ಕಥೆಯ ಕೊನೆಯಲ್ಲಿಯೂ ಅವನು ರಾಜನಿಗೆ ಹಾಕುವ ನಿಬಂಧನೆ ಒಂದೇ: ಉತ್ತರವು ತಿಳಿದಿದ್ದೂ ಹೇಳದಿದ್ದರೆ ನಿನ್ನ ತಲೆ ಒಡೆದುಹೋಗುತ್ತದೆ. ಈ ಕಥೆಗಳನ್ನು ಎಷ್ಟು ವರ್ಷ ಪಾಠ ಹೇಳಿದ್ದೆನು! ಅದು ಕಥೆಯನ್ನು ಮುಂದುವರಿಸುವುದಕ್ಕೆ ಕವಿಯು ಹೂಡಿದ ತಂತ್ರವೆಂದು ಹುಡುಗರಿಗೆ ವಿವರಿಸುತ್ತಿದ್ದೆನು. ತಿಳಿದಿದ್ದೂ ಹೇಳದವನ ತಲೆ ನಿಜವಾಗಿಯೇ ಒಡೆಯುತ್ತದೆಂಬುದು ನನಗೆ ಅಂದು ಗೊತ್ತಾಯಿತು.

ಸಾಯಂಕಾಲ ಮಗಳನ್ನು ಮನೆಗೆ ಕಳುಹಿಸಿ, ಪತ್ನಿಯ ಮಂಚದ ಬಳಿ ಕುಳಿತು, ಡಾಕ್ಟರರು ಹೇಳಿದ್ದನ್ನೆಲ್ಲ ಹೆಸರು ಸಹಿತವಾಗಿ ಹೇಳಿದೆನು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೋಪದಿಂದ, “ಒಂಬತ್ತು ದಿನ ಸುಮ್ಮನಿದ್ದಿರಲ್ಲ! ನಾಡಿದ್ದು ಒಳಗೆ ಕರೆದುಕೊಂಡು ಹೋಗುತ್ತಾರೆ. ಬೀಗದ ಕೈ ಎಲ್ಲಿದೆಯೆಂದು ನಿಮಗೆ ಗೊತ್ತೇ? ಹಾಲಿನವಳಿಗೆ ಎಷ್ಟು ಬಾಕಿಯೆಂದು ಗೊತ್ತೇ?” ಎಂದಳು. ಕಾಗದ ತೆಗೆದುಕೊಳ್ಳಿರೆಂದು ಹೇಳಿ, ಯಾವ ಡಬ್ಬಿಯಲ್ಲಿ ಏನಿದೆ, ಯಾರಿಗೆ ಏನು ಕೊಡಬೇಕು, ಮೊಮ್ಮಗಳ ಮದುವೆಗೆಂದು ತಾನು ಎತ್ತಿಟ್ಟಿರುವ ಬಳೆಗಳು ಎಲ್ಲಿವೆ, ಎಲ್ಲವನ್ನೂ ಬರೆಯಿಸಿದಳು. ಬರೆಯುತ್ತ ನನ್ನ ಕೈ ನಡುಗಿತು. ಹೇಳುತ್ತ ಅವಳ ಧ್ವನಿ ನಡುಗಲಿಲ್ಲ. ಎಲ್ಲ ಮುಗಿದ ಮೇಲೆ, “ಇಷ್ಟು ದಿನ ನೀವಿಬ್ಬರೂ ಮುಖ ತಪ್ಪಿಸುತ್ತಿದ್ದಿರಿ. ನಾನು ಇದಕ್ಕಿಂತ ದೊಡ್ಡದನ್ನೇ ಊಹಿಸಿಕೊಂಡು ಹೆದರಿ ಸಾಯುತ್ತಿದ್ದೆ” ಎಂದು ಅತ್ತಳು. ನಾನೂ ಅತ್ತೆನು.

ಆಮೇಲೆ ಅವಳು, ನಾನು ದಿನವೂ ಹೊತ್ತು ತರುವ ಆ ಪುಸ್ತಕ ಯಾವುದೆಂದು ಕೇಳಿದಳು. ನಾಚಿಕೆಯಿಂದಲೇ ಕಥೆಯನ್ನು ಹೇಳತೊಡಗಿದೆನು. ಆ ಎರಡು ಸಾಯಂಕಾಲಗಳೂ, ಶಸ್ತ್ರಚಿಕಿತ್ಸೆಯ ಬಳಿಕದ ಎಂಟು ಹತ್ತು ದಿನಗಳೂ ಅದನ್ನು ಕನ್ನಡದಲ್ಲಿ ಹೇಳಿದೆನು. ಸೋಮದೇವನು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ರಾಣಿ ಸೂರ್ಯವತಿಯ ಚಿತ್ತವಿನೋದಕ್ಕಾಗಿ ಕಥಾಸರಿತ್ಸಾಗರವನ್ನು ರಚಿಸಿದನಷ್ಟೆ. ನನ್ನ ಸೂರ್ಯವತಿಯು ಸುಲಭವಾಗಿ ವಿನೋದಗೊಳ್ಳತಕ್ಕವಳಲ್ಲ. “ಮೀನಾ ಎಂಬುದು ನಮ್ಮ ಕಡೆಯ ಹೆಸರಿನಂತೆಯೇ ಇದೆಯಲ್ಲ!” ಎಂದಳು. ಬೆಳ್ಳುಳ್ಳಿಯ ಪ್ರಸಂಗ ಬಂದಾಗ, “ನಮ್ಮತ್ತೆಯವರು ಮನೆಯ ಹೊಸ್ತಿಲೊಳಗೆ ಬೆಳ್ಳುಳ್ಳಿಯನ್ನು ಬಿಟ್ಟವರಲ್ಲ. ಅವನು ಇಲ್ಲಿಗೆ ಬಂದಿದ್ದರೆ ನಮ್ಮ ಗತಿ?” ಎಂದು ಹೊಲಿಗೆ ಹಾಕಿದ ಹೊಟ್ಟೆಯನ್ನು ಹಿಡಿದುಕೊಂಡು ನಕ್ಕಳು. ದಾದಿಯು ಬಂದು, ರೋಗಿಯನ್ನು ನಗಿಸಬಾರದೆಂದು ನನ್ನನ್ನು ಗದರಿಸಿದಳು. ಹೆದರಿಸುವ ಕಥೆಯೊಂದರಿಂದ ಹೀಗಾದೀತೆಂದು ನಾನು ಎಣಿಸಿರಲಿಲ್ಲ.

ಅವಳಿಗೆ ಹೇಳುವಾಗ ನಾನು ಕಂಡುಕೊಂಡ ಒಂದು ವಿಷಯವನ್ನು ಸಂಸ್ಕೃತ ಬಲ್ಲವರು ಮೆಚ್ಚುವರೆಂದು ತಿಳಿದಿದ್ದೇನೆ. ಡ್ರಾಕುಲಾನು ಒಂದು ರಾತ್ರಿ ಇವರ ಮನೆಗೆ ನುಗ್ಗಿ, ಬರೆದಿಟ್ಟಿದ್ದ ಕಾಗದಗಳನ್ನೆಲ್ಲ ಸುಟ್ಟು, ಫೋನೋಗ್ರಾಫಿನ ಮೇಣದ ಉರುಳೆಗಳನ್ನೂ ಬೆಂಕಿಗೆ ಹಾಕುತ್ತಾನೆ. ಆದರೆ ಮೀನಾಳು ಮಾಡಿಟ್ಟಿದ್ದ ಇನ್ನೊಂದು ಪ್ರತಿಯು ಭದ್ರವಾದ ಪೆಟ್ಟಿಗೆಯಲ್ಲಿರುತ್ತದೆ. ನಮ್ಮಲ್ಲಿ ಗುಣಾಢ್ಯನು ಪೈಶಾಚೀ ಭಾಷೆಯಲ್ಲಿ, ತನ್ನ ರಕ್ತದಿಂದಲೇ, ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಬರೆದನೆಂದೂ, ರಾಜನು ತಿರಸ್ಕರಿಸಲಾಗಿ ಆರು ಲಕ್ಷವನ್ನು ಅಗ್ನಿಗೆ ಹಾಕಿದನೆಂದೂ, ಉಳಿದ ಒಂದು ಲಕ್ಷವನ್ನು ರಾಜನು ಬಂದು ಕಾಪಾಡಿದನೆಂದೂ ಐತಿಹ್ಯವಿದೆ. ತಿರಸ್ಕರಿಸಿದ ರಾಜನಿಗೂ, ಹುಡುಗರ ಪುಸ್ತಕಗಳನ್ನು ಬೀರುವಿನಲ್ಲಿಟ್ಟ ಮೇಷ್ಟರಿಗೂ ಹೆಚ್ಚು ಅಂತರವಿಲ್ಲ. ಪೈಶಾಚವೆಂದು ರಾಜನು ದೂರಮಾಡಿದ ಆ ಕಥೆಯಿಂದಲೇ ಮುಂದೆ ಸೋಮದೇವನ ಗ್ರಂಥವು ಹುಟ್ಟಿತು. ನಾನು ಜೀವಮಾನವೆಲ್ಲ ಪಾಠ ಹೇಳಿದ ವೇತಾಳನೂ ನನಗೆ ಸಿಕ್ಕಿದ್ದು ಆ ಗ್ರಂಥದಲ್ಲಿಯೇ.

ಗ್ರಂಥದಲ್ಲಿ ದೋಷಗಳಿಲ್ಲವೆಂದು ಹೇಳುತ್ತಿಲ್ಲ. ವ್ಯಾನ್ ಹೆಲ್ಸಿಂಗನ ಮುರುಕು ಇಂಗ್ಲಿಷಿನ ಉಪನ್ಯಾಸಗಳು ದೀರ್ಘವಾದುವು. ನಿಘಂಟು ಹಿಡಿದು ಓದುವವನಿಗಂತೂ ಅವು ಶಿಕ್ಷೆಯೇ ಸರಿ. ಕೊನೆಯ ಬೆನ್ನಟ್ಟುವಿಕೆಯಲ್ಲಿ ರೈಲು, ಹಡಗುಗಳ ಲೆಕ್ಕ ಹೆಚ್ಚಾಯಿತು. ಪೂರ್ವದಿಂದ ಬರುವುದೆಲ್ಲ ಕೇಡೆಂಬ ಅಂದಿನ ಇಂಗ್ಲೆಂಡಿನ ದಿಗಿಲು ಪುಟಪುಟದಲ್ಲಿಯೂ ಇಣಿಕುತ್ತದೆ. ಐದು ಖಂಡಗಳಲ್ಲಿ ಪರರ ಸತ್ತ್ವವನ್ನು ಹೀರುತ್ತಿದ್ದ ರಾಜ್ಯವೊಂದು ತನ್ನನ್ನು ಹೀರಲು ಒಬ್ಬನು ಬರುವನೆಂದು ಕನಸಿನಲ್ಲಿ ಬೆಚ್ಚಿತೆಂದು ಹೇಳಿದರೆ ತಪ್ಪಾಗಲಾರದು. ಕೊನೆಯಲ್ಲಿ ಡ್ರಾಕುಲಾನ ಕೊರಳನ್ನು ಕತ್ತರಿಸುವ ಆಯುಧವು ನೇಪಾಳದ ಕುಕ್ರಿಯಾಗಿರುವುದು ಈ ದೃಷ್ಟಿಯಿಂದ ಯೋಚಿಸತಕ್ಕ ವಿಷಯ.

ಆದರೆ ಆ ಅಂತ್ಯಕ್ಕಿಂತ ಮೊದಲು ಮೀನಾ ಆಡುವ ಮಾತೊಂದಿದೆ. ತಾನೇ ಅವನ ಹಲ್ಲಿಗೆ ಸಿಕ್ಕಿ ಅರ್ಧ ಅವನಂತಾಗುತ್ತಿರುವವಳು, ದ್ವೇಷದಿಂದ ಕುದಿಯುತ್ತಿರುವ ಗಂಡನಿಗೆ, ಈ ದುಃಖವನ್ನೆಲ್ಲ ತಂದ ಆ ಜೀವವೇ ಎಲ್ಲರಿಗಿಂತ ಮರುಕಕ್ಕೆ ಪಾತ್ರವಾದದ್ದೆಂಬ ಅರ್ಥದಲ್ಲಿ ಹೇಳುತ್ತಾಳೆ. ಕೊಲ್ಲಬೇಕಾದದ್ದು ನಿಜ, ಆದರೆ ದ್ವೇಷದಿಂದ ಬೇಡವೆನ್ನುತ್ತಾಳೆ. ಅವನು ಸಾಯುವ ಕ್ಷಣದಲ್ಲಿ ಅವನ ಮುಖದ ಮೇಲೆ ಶಾಂತಿಯು ಮೂಡಿದ್ದನ್ನು ಬರೆದಿಡುವವಳೂ ಅವಳೇ. ಭಯಾನಕದಿಂದ ಹೊರಟ ಗ್ರಂಥವು ಹೀಗೆ ಕರುಣಕ್ಕೆ ಬಂದು ಮುಟ್ಟುತ್ತದೆ. ಅಭಿನವಗುಪ್ತನು ಭಯಾನಕವನ್ನು ವಿವರಿಸುವಾಗ ಶಾಕುಂತಲದ ಆರಂಭದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ತೆಗೆದುಕೊಳ್ಳುತ್ತಾನೆ. ಅಲ್ಲಿಯ ಭಯವು ಜಿಂಕೆಯದೂ ಅಲ್ಲ, ನನ್ನದೂ ಅಲ್ಲ. ಯಾರದೂ ಅಲ್ಲದ್ದರಿಂದ ಎಲ್ಲರೂ ಆಸ್ವಾದಿಸಬಹುದಾದದ್ದು ಎಂಬುದು ಅವನ ಮತ. ಇದನ್ನು ಮೂವತ್ತಮೂರು ವರ್ಷ ಹೇಳಿದ್ದೆನು. ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಭಯವು ಕೇವಲ ನನ್ನದಾಗಿತ್ತು; ಅದನ್ನು ನನ್ನಿಂದ ಸ್ವಲ್ಪ ದೂರಕ್ಕೆ ಒಯ್ದು, ಎಲ್ಲರದನ್ನಾಗಿ ಮಾಡಿ, ನಾನು ನೋಡಬಹುದಾದಷ್ಟು ಅಂತರದಲ್ಲಿ ನಿಲ್ಲಿಸಿದ್ದು ಈ ಪಿಶಾಚಗ್ರಂಥ. ಇದು ಸಾಹಿತ್ಯವಲ್ಲದಿದ್ದರೆ, ಸಾಹಿತ್ಯವೆಂದರೇನೆಂಬುದನ್ನು ನಾನು ಮತ್ತೆ ಪಾಠಶಾಲೆಗೆ ಹೋಗಿ ಕಲಿಯಬೇಕು.

ಭಗವಂತನ ದಯೆಯಿಂದಲೂ ಡಾಕ್ಟರರ ಕೈಗುಣದಿಂದಲೂ ನನ್ನ ಪತ್ನಿಯು ಮನೆಗೆ ಬಂದಳು. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತೇವೆ. ಕಾಗದದಲ್ಲಿ ಏನು ಬರೆದಿದ್ದರೂ ಇಬ್ಬರೂ ಕೂಡಿಯೇ ಓದುತ್ತೇವೆ. ಪುಸ್ತಕವನ್ನು ಮೊಮ್ಮಗನಿಗೆ ಹಿಂದಿರುಗಿಸುವಾಗ ಅವನು, “ಖಂಡನೆ ಎಲ್ಲಿ ತಾತ?” ಎಂದನು. ಪೂರ್ವಪಕ್ಷವೇ ಸಿದ್ಧಾಂತವಾಯಿತೆಂದು ಹೇಳಿದೆನು.

ಇನ್ನೊಂದು ಮಾತು. ಅಂದು ದಂಡ ತೆತ್ತ ಆ ಹುಡುಗನು ಈಗ ಎಲ್ಲಿರುವನೋ ನಾನರಿಯೆ. ಈಗ ಅವನಿಗೂ ತಲೆ ನರೆತಿರಬಹುದು. ನಿವೃತ್ತನಾಗುವ ದಿನ ಬೀರುವನ್ನು ಬರಿದುಮಾಡುವಾಗ ಅವನ ಪುಸ್ತಕವು ಸಿಕ್ಕಿತ್ತು. ಮನೆಗೆ ತಂದು ಮೂಲೆಗೆ ಹಾಕಿದ್ದೆನು. ಮೊನ್ನೆ ಹುಡುಕಿ ತೆಗೆದು, ಧೂಳು ಒರೆಸಿ, ಹರಿದಿದ್ದ ಹೊದಿಕೆಗೆ ಅಂಟು ಹಾಕಿದೆನು. ಈ ಲೇಖನವು ಅವನ ಕಣ್ಣಿಗೆ ಬಿದ್ದರೆ, ಮನೆಗೆ ಬಂದು ತೆಗೆದುಕೊಂಡು ಹೋಗಲಿ. ದಂಡದ ಹಣವನ್ನೂ ಕೊಡುವೆನು. ಆದರೆ ಒಂದು ವಾರ ಬಿಟ್ಟು ಬಂದರೆ ಉಪಕಾರವಾದೀತು. ಅದನ್ನು ನಾನಿನ್ನೂ ಓದಿ ಮುಗಿಸಿಲ್ಲ.